ಲೈಬ್ರರಿ ಮೇಡಂಗೆ ಈಗ ಏನು ಕೆಲಸ?

ಮದುವೆ ಮನೆ, ಬಸ್ಸು, ಬ್ಯಾಂಕಿನ ಸಾಲು, ಎಲ್ಲಿ ಸಿಕ್ಕರೂ ಜನ ನನ್ನನ್ನು ಕೇಳುವುದು ಒಂದೇ. "ಈಗ ಎಲ್ಲಾ ಮೊಬೈಲಲ್ಲೇ ಸಿಗುತ್ತಲ್ಲ ಮೇಡಂ, ಲೈಬ್ರರೀಲಿ ನಿಮಗೇನು ಕೆಲಸ?" ಕೇಳುವವರಲ್ಲಿ ಕುಹಕ ಇರುವುದಿಲ್ಲ, ನಿಜವಾದ ಕುತೂಹಲ. ಕೆಲವರಿಗೆ ಚೂರು ಹೊಟ್ಟೆಕಿಚ್ಚೂ ಇರುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸಂಬಳ, ಫ್ಯಾನಿನ ಕೆಳಗೆ ಕುರ್ಚಿ, ಓದೋಕೆ ಬೇಕಾದಷ್ಟು ಪುಸ್ತಕ. ಕೆಲಸದ ಹೊತ್ತಿನಲ್ಲಿ ಕೂತು ಕಾದಂಬರಿ ಓದುವ ಲೈಬ್ರರಿಯನ್ ನನಗಂತೂ ಇನ್ನೂ ಸಿಕ್ಕಿಲ್ಲ. ಬೇಕರಿಯವರು ದಿನವಿಡೀ ಕೇಕ್ ತಿಂತಾ ಕೂರುತ್ತಾರೆಯೇ?

ಮೊದಲು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿದ್ದೆ, ಈಗ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿದ್ದೇನೆ. ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಈಗ ಅದಿಲ್ಲದೆ ಬಾಗಿಲು ತೆಗೆಯೋಕೂ ಆಗಲ್ಲ, ಯಾಕೆಂದರೆ ಗೇಟಿನಲ್ಲೇ ಐಡಿ ಕಾರ್ಡ್ ಸ್ಕ್ಯಾನ್ ಆಗಬೇಕು. ಇಷ್ಟು ವರ್ಷದಲ್ಲಿ ನಮ್ಮ ಕೆಲಸ ಕಡಿಮೆಯಾಗಿದ್ದು ನಾನು ಕಾಣೆ. ಆದರೆ ಕೆಲಸ ಮಾಡುವುದು ಬೇರೆಯವರಿಗೆ ಕಾಣದ ಹಾಗಾಗಿದೆ. ಕಾಣದ ಕೆಲಸಕ್ಕೆ ಸಿಬ್ಬಂದಿ ಕೊಡುವುದಿಲ್ಲ, ಹಣ ಕೊಡುವುದಿಲ್ಲ, ಸಮಯವನ್ನೂ ಕೊಡುವುದಿಲ್ಲ. ಹಾಗೆ ಬಿಟ್ಟುಹೋದ ಕೆಲಸದ ಪೆಟ್ಟು ಎಲ್ಲಕ್ಕಿಂತ ಜಾಸ್ತಿ ಬಿದ್ದಿದ್ದು ನಮ್ಮ ಕನ್ನಡ ಪುಸ್ತಕಗಳ ಮೇಲೆ. ಅದನ್ನೇ ಹೇಳೋಣ ಅಂತ ಈ ಬರಹ.

ಕಾರ್ಡಿನ ಕಾಲದಿಂದ ಶುರುಮಾಡುತ್ತೇನೆ. ಪುಸ್ತಕ ಬಂತು ಅಂದರೆ ಮೊದಲು ಅಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಬಂದ ಪುಸ್ತಕಗಳ ದಾಖಲೆಯಲ್ಲಿ, ಅದಕ್ಕೊಂದು ನಂಬರು. ಆಮೇಲೆ ಸೀಲು. ಎದುರಿಗೆ ಕಾಣುವ ಪುಟದಲ್ಲಿ ಒಂದು, ಒಳಗೆ ಗುಟ್ಟಿನ ಪುಟದಲ್ಲಿ ಒಂದು. ಪ್ರತಿ ಲೈಬ್ರರಿಗೂ ಇಂಥದೊಂದು ಗುಟ್ಟಿನ ಪುಟ ಇರುತ್ತದೆ, ಮೊದಲ ಪುಟ ಹರಿದುಕೊಂಡು ಹೋದರೂ ಪುಸ್ತಕ ನಮ್ಮದೇ ಅಂತ ತೋರಿಸೋಕೆ. ನಮ್ಮದು ಎಷ್ಟನೇ ಪುಟ ಅಂತ ಕೇಳಬೇಡಿ. ಆಮೇಲೆ ಬುಕ್ ಪಾಕೆಟ್, ಡ್ಯೂ ಸ್ಲಿಪ್, ಬೆನ್ನಿಗೆ ರ‍್ಯಾಕಿನಲ್ಲಿ ಅದರ ಜಾಗ ಹೇಳುವ ಕಾಲ್ ನಂಬರಿನ ಚೀಟಿ. ಕೊನೆಗೆ ಕಾರ್ಡು, ಐದು ಇಂಚು ಅಗಲ, ಮೂರು ಇಂಚು ಎತ್ತರ. ಲೇಖಕರ ಹೆಸರಿಗೊಂದು, ಪುಸ್ತಕದ ಹೆಸರಿಗೊಂದು, ವಿಷಯಕ್ಕೊಂದು. ಅವನ್ನು ಅಕಾರಾದಿಯಾಗಿ ಡ್ರಾಯರಿಗೆ ಸೇರಿಸಿ, ಕೆಳಗಿನ ತೂತಿನಲ್ಲಿ ಕಂಬಿ ಪೋಣಿಸಬೇಕು.

ಬೇಸರದ ಕೆಲಸ ಅದು. ಬೆರಳ ತುದಿ ಕಪ್ಪಾಗುತ್ತಿತ್ತು, ಧೂಳಿಗೆ ಸೀನು ಬರುತ್ತಿತ್ತು. ಆ ಕಾಲ ಮತ್ತೆ ಬರಲಿ ಅನ್ನುವ ಆಸೆ ನನಗೆ ಒಂದಿಷ್ಟೂ ಇಲ್ಲ. ಜಗತ್ತಿನ ಎಷ್ಟೋ ಲೈಬ್ರರಿಗಳಿಗೆ ಕಾರ್ಡು ಅಚ್ಚು ಹಾಕಿ ಕಳಿಸುತ್ತಿದ್ದ ಅಮೆರಿಕದ ಓಸಿಎಲ್‌ಸಿ ಸಂಸ್ಥೆ 2015ರ ಅಕ್ಟೋಬರ್ 1ರಂದು ಕೊನೆಯ ಕಾರ್ಡುಗಳನ್ನು ಅಚ್ಚು ಮಾಡಿ ನಿಲ್ಲಿಸಿತು. ಇಷ್ಟು ದಿನ ಯಾಕೆ ನಡೆಸಿದರು ಅಂತಲೇ ನನಗೆ ಆಶ್ಚರ್ಯವಾಯಿತು.

ಆದರೆ ಆ ಡ್ರಾಯರಿನಲ್ಲಿ ಒಂದು ಜಾತಿಯ ಕಾರ್ಡು ಇರುತ್ತಿತ್ತು. ಅದರಲ್ಲಿ ಯಾವ ಪುಸ್ತಕದ ವಿವರವೂ ಇರುವುದಿಲ್ಲ. "ಅಂಬಿಕಾತನಯದತ್ತ: ಬೇಂದ್ರೆ, ದ. ರಾ. ನೋಡಿ." "ಶ್ರೀನಿವಾಸ: ವೆಂಕಟೇಶ ಅಯ್ಯಂಗಾರ್, ಮಾಸ್ತಿ ನೋಡಿ." "ಶ್ರೀರಂಗ: ಆದ್ಯ ರಂಗಾಚಾರ್ಯ ನೋಡಿ." "ವಿನಾಯಕ: ಗೋಕಾಕ, ವಿ. ಕೃ. ನೋಡಿ." ಇಷ್ಟೇ. ಕಾವ್ಯನಾಮದಲ್ಲಿ ಹುಡುಕಿದವರನ್ನೂ ಮನೆ ಹೆಸರಿನಲ್ಲಿ ಹುಡುಕಿದವರನ್ನೂ ಒಂದೇ ಜಾಗಕ್ಕೆ ತಂದು ನಿಲ್ಲಿಸುವುದು ಅದರ ಕೆಲಸ. ಕನ್ನಡದಲ್ಲಿ ಇದು ಎಷ್ಟು ಮುಖ್ಯ ನೋಡಿ. ನಮ್ಮ ಲೇಖಕರಿಗೆ ಕಾವ್ಯನಾಮ ಇದೆ, ಊರಿನ ಹೆಸರಿದೆ, ಇನಿಷಿಯಲ್ ಇದೆ, ಮದುವೆಯಾದ ಮೇಲೆ ಬಂದ ಹೆಸರಿದೆ. ಒಬ್ಬ ಲೇಖಕರಿಗೆ ಒಂದು ಹೆಸರನ್ನು ಖಾಯಂ ಮಾಡಿ, ಉಳಿದ ಹೆಸರುಗಳನ್ನು ಅದಕ್ಕೆ ಕಟ್ಟಬೇಕು. ಸಾಹಿತ್ಯ ಗೊತ್ತಿರುವವರೇ ಮಾಡಬೇಕಾದ ಕೆಲಸ ಇದು. ಟೈಪಿಂಗ್ ಬರುತ್ತದೆ ಅಂದ ಮಾತ್ರಕ್ಕೆ ಆಗುವುದಲ್ಲ.

ಆಮೇಲೆ ಕಂಪ್ಯೂಟರ್ ಬಂತು. ಲೈಬ್ರರಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಯುಜಿಸಿಯ ಇನ್‌ಫ್ಲಿಬ್‌ನೆಟ್ 1991ರಲ್ಲೇ ಅಹಮದಾಬಾದಿನಲ್ಲಿ ಶುರುವಾಗಿತ್ತು, ಈಗ ಗಾಂಧಿನಗರದಲ್ಲಿದೆ. ಲೈಬ್ರರಿ ನಡೆಸಲು ಅವರದೇ ಸೋಲ್ ಅನ್ನುವ ಸಾಫ್ಟ್‌ವೇರ್ ನಮ್ಮ ಕಡೆಯ ಎಷ್ಟೋ ಕಾಲೇಜುಗಳಿಗೆ ಬಂತು. ಇನ್ನು ಕೆಲವರು ಕೋಹಾ ಹಾಕಿಕೊಂಡರು. ಕೋಹಾ ನ್ಯೂಜಿಲೆಂಡಿನ ಒಂದು ಸಣ್ಣ ಊರ ಕಡೆಯ ಸಾರ್ವಜನಿಕ ಲೈಬ್ರರಿಗೆ ಅಂತ ಮಾಡಿದ್ದು, 2000ದ ಜನವರಿಯಲ್ಲಿ ಶುರುವಾಯಿತು. ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ತಿದ್ದಬಹುದು. ನಮ್ಮ ವೃತ್ತಿಯಲ್ಲಿ ನಾನು ಕಂಡ ಒಳ್ಳೆಯ ಸಂಗತಿಗಳಲ್ಲಿ ಇದೂ ಒಂದು. ಲಿನಕ್ಸ್ ಅಂದರೆ ಹೆದರುತ್ತಿದ್ದ ಎಷ್ಟೋ ಲೈಬ್ರರಿಯನ್ನರು ಒಬ್ಬರಿಗೊಬ್ಬರು ಹೇಳಿಕೊಟ್ಟು, ಫೋನಿನಲ್ಲಿ ಕಮಾಂಡ್ ಓದಿಸಿಕೊಂಡು ಸರ್ವರ್ ನಡೆಸಲು ಕಲಿತರು. ಇದನ್ನು ಯಾರೂ ಸಾಧನೆ ಅಂತ ಬರೆದುಕೊಳ್ಳಲಿಲ್ಲ, ಬರೆದುಕೊಳ್ಳಬೇಕಿತ್ತು.

ಇಂಗ್ಲಿಷ್ ಪುಸ್ತಕದ ಮಟ್ಟಿಗೆ ಕಂಪ್ಯೂಟರ್ ನಿಜಕ್ಕೂ ವರವೇ. ಪುಸ್ತಕದ ಮೇಲೆ ಅಚ್ಚಾಗಿರುವ ಐಎಸ್‌ಬಿಎನ್ ಸಂಖ್ಯೆ ಹೊಡೆದರೆ ಸಾಕು, ಝಡ್39.50 ಅನ್ನುವ ವ್ಯವಸ್ಥೆಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದಲೋ ಇನ್ನೊಂದು ದೊಡ್ಡ ಲೈಬ್ರರಿಯಿಂದಲೋ ಪೂರ್ತಿ ವಿವರ ಬಂದು ಕೂರುತ್ತದೆ. ವಿಷಯ ಯಾವುದು, ವಿಷಯವಾರು ಜೋಡಿಸಲು ಕೊಡುವ ಡ್ಯೂಯಿ ನಂಬರು ಎಷ್ಟು, ಎಲ್ಲಾ ಸಿದ್ಧ. ನಾವು ಬಾರ್‌ಕೋಡ್ ಅಂಟಿಸಿದರೆ ಆಯಿತು. ಅರ್ಧ ದಿನದ ಕೆಲಸ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಕನ್ನಡ ಪುಸ್ತಕಕ್ಕೆ ಅದು ನಡೆಯಲಿಲ್ಲ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ನೇ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ, ಆದರೆ ಅವುಗಳ ವಿವರ ರೋಮನ್ ಲಿಪಿಯಲ್ಲಿ, ಅಕ್ಷರದ ಮೇಲೊಂದು ಗೆರೆ ಕೆಳಗೊಂದು ಚುಕ್ಕಿ ಇಟ್ಟುಕೊಂಡಿರುತ್ತದೆ. ವಿದ್ವಾಂಸರಿಗೆ ಸರಿ, ಬಿಎ ಹುಡುಗನಿಗೆ ಅಲ್ಲ. ಹಾಗಾಗಿ ಕನ್ನಡ ಪುಸ್ತಕಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಟೈಪ್ ಮಾಡಬೇಕಿತ್ತು. ಅದಕ್ಕೆ ಜನ ಇರಲಿಲ್ಲ. ಕಾಲೇಜುಗಳ ಗುಣಮಟ್ಟ ನೋಡಿ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ದಿನ ಹತ್ತಿರ ಬಂದಿತ್ತು. ಕೊನೆಗೆ ಗುತ್ತಿಗೆಗೆ ಕೊಟ್ಟರು, ಒಂದು ಪುಸ್ತಕಕ್ಕೆ ಇಷ್ಟು ರೂಪಾಯಿ ಅಂತ.

ಗುತ್ತಿಗೆಯವರು ಕಳಿಸಿದ ಹುಡುಗರು ಶ್ರಮಪಟ್ಟೇ ಕೆಲಸ ಮಾಡಿದರು, ಅವರನ್ನು ದೂರುವುದಿಲ್ಲ. ಆದರೆ ಅವರ ಕೂಲಿ ಪುಸ್ತಕದ ಲೆಕ್ಕಕ್ಕೆ. ಕನ್ನಡ ಕೀಬೋರ್ಡ್ ನಿಧಾನ, ಇಂಗ್ಲಿಷ್ ಬೇಗ. ಹೀಗಾಗಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲಿ, ಯಾರ ಬಾಯಿಗೆ ಹೇಗೆ ಬಂತೋ ಹಾಗೆ. ಕಾರಂತರ ಕೊನೆಗೆ ಒಬ್ಬ 'ಎಚ್' ಹಾಕಿದ, ಒಬ್ಬ 'ಎ' ಹಾಕಿದ, ಇನ್ನೊಬ್ಬ ಎರಡನ್ನೂ ಹಾಕಿದ. ಕುವೆಂಪು ಒಂದು ಕಡೆ ಕುವೆಂಪು, ಇನ್ನೊಂದು ಕಡೆ ಕೆ. ವಿ. ಪುಟ್ಟಪ್ಪ, ಮತ್ತೊಂದು ಕಡೆ ಪುಟ್ಟಪ್ಪ ಕೆ. ವಿ. ಕಂಪ್ಯೂಟರಿಗೆ ಇವರು ಮೂರು ಜನ. ಸಂಪಾದಕರು ಲೇಖಕರಾದರು, ಪ್ರಕಾಶಕರು ಕೆಲವೊಮ್ಮೆ ಪುಸ್ತಕದ ಹೆಸರಿನ ಜಾಗಕ್ಕೆ ಬಂದು ಕೂತರು. ಸಂಪುಟ ಒಂದು, ಎರಡು, ಮೂರು ಎಂದಿದ್ದವು ಒಂದೇ ಹೆಸರಿನ ಬೇರೆ ಬೇರೆ ಪುಸ್ತಕಗಳಾದವು. ನೋಡಿ-ಕಾರ್ಡುಗಳನ್ನಂತೂ ಯಾರೂ ಮುಟ್ಟಲೇ ಇಲ್ಲ. ಅವಕ್ಕೆ ಅಕ್ಸೆಷನ್ ನಂಬರ್ ಇಲ್ಲವಲ್ಲ, ಲೆಕ್ಕಕ್ಕೆ ಬರುವುದಿಲ್ಲ, ದುಡ್ಡೂ ಬರುವುದಿಲ್ಲ.

ನ್ಯಾಕ್ ವರದಿಯಲ್ಲಿ "ಲೈಬ್ರರಿ ಪೂರ್ತಿ ಕಂಪ್ಯೂಟರೀಕರಣಗೊಂಡಿದೆ" ಎಂದು ಬರೆದಿದ್ದು ಸುಳ್ಳಲ್ಲ. ಕಾರ್ಡಿನ ಬೀರುಗಳನ್ನು ತೆಗೆದು ಹೊರಗಿಟ್ಟರು. ಆವತ್ತಿನಿಂದ ಬೇಂದ್ರೆಯವರ ಪುಸ್ತಕಗಳು ಅರ್ಧ ಒಂದು ಹೆಸರಿನಲ್ಲಿ, ಅರ್ಧ ಇನ್ನೊಂದು ಹೆಸರಿನಲ್ಲಿ ಬದುಕುತ್ತಿವೆ. ಹುಡುಗಿ ಒಬ್ಬಳು ಓಪ್ಯಾಕ್‌ನಲ್ಲಿ ಹುಡುಕುತ್ತಾಳೆ, ಅಂದರೆ ಪುಸ್ತಕ ಹುಡುಕುವ ನಮ್ಮ ಪುಟದಲ್ಲಿ. ಸಿಗುವುದಿಲ್ಲ. "ಈ ಲೈಬ್ರರೀಲಿ ಕನ್ನಡ ಪುಸ್ತಕಾನೇ ಇಲ್ಲ" ಅಂತ ಹೊರಟುಹೋಗುತ್ತಾಳೆ. ಪುಸ್ತಕ ಅವಳಿಂದ ಮೂರನೇ ರ‍್ಯಾಕಿನಲ್ಲಿ ಕೂತಿರುತ್ತದೆ.

ತಪ್ಪು ಸಾಫ್ಟ್‌ವೇರಿನದಲ್ಲ. ಕೋಹಾ ಯುನಿಕೋಡ್ ಕನ್ನಡವನ್ನು, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಕನ್ನಡವನ್ನು, ಚೆನ್ನಾಗಿಯೇ ತೆಗೆದುಕೊಳ್ಳುತ್ತದೆ, ಸೋಲ್ ಕೂಡ 2009ರ ಎರಡನೇ ಆವೃತ್ತಿಯಿಂದ ತೆಗೆದುಕೊಳ್ಳುತ್ತದೆ. ಪುಸ್ತಕದ ವಿವರ ತುಂಬಲು ಲೈಬ್ರರಿಯವರೆಲ್ಲ ಬಳಸುವ ಮಾರ್ಕ್ ನಮೂನೆಯಲ್ಲಿ 245 ಅಂದರೆ ಪುಸ್ತಕದ ಹೆಸರು, 100 ಅಂದರೆ ಲೇಖಕರು. ಜೊತೆಗೆ 880 ಅಂತ ಒಂದು ಖಾನೆ ಇದೆ. ಪುಸ್ತಕದ ಸ್ವಂತ ಲಿಪಿಯಲ್ಲೇ ವಿವರ ಬರೆಯಲಿ ಅಂತಲೇ ಮಾಡಿಟ್ಟ ಖಾನೆ ಅದು. ಖಾಲಿ ಇದೆ, ಅಷ್ಟೇ.

ಇದು ನಮ್ಮೊಂದು ಲೈಬ್ರರಿಯ ಕಥೆಯೂ ಅಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಅಂತ ಒಂದು ದೊಡ್ಡ ಯೋಜನೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮುಂಚೂಣಿಯಲ್ಲಿತ್ತು. ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಆದರೆ ಹೆಸರುಗಳೆಲ್ಲ ತಪ್ಪುತಪ್ಪಾದ ರೋಮನ್ ಕಾಗುಣಿತದಲ್ಲಿ. ಪುಸ್ತಕ ಇದ್ದೂ ಇಲ್ಲದ ಹಾಗೆ. ಆಮೇಲೆ ಕನ್ನಡಕ್ಕಾಗಿ ತಂತ್ರಜ್ಞಾನದ ಕೆಲಸ ಮಾಡುವ 'ಸಂಚಯ' ತಂಡದ ಗೆಳೆಯರು ಆ ಹೆಸರುಗಳನ್ನು ಕನ್ನಡದಲ್ಲಿ ಹುಡುಕುವ ಹಾಗೆ ಮಾಡಿದರು. ಟೈಪ್ ಮಾಡಿದವರು ಸಾಮಾನ್ಯ ಓದುಗರು, ಸಂಬಳ ಇಲ್ಲದೆ, ಮನೆಯಲ್ಲಿ ಕೂತು. ನನಗೆ ಅದನ್ನು ನೋಡಿ ಖುಷಿಯೂ ಆಯಿತು, ಸಂಕಟವೂ ಆಯಿತು. ನಮ್ಮ ವೃತ್ತಿಯವರು ಸಂಬಳ ತಗೊಂಡು ಮಾಡಬೇಕಾದ ಕೆಲಸ ಅಲ್ವಾ ಅದು? 2017ರ ಹೊತ್ತಿಗೆ ಆ ಡಿಜಿಟಲ್ ಲೈಬ್ರರಿಯ ಜಾಲತಾಣವೇ ಮುಚ್ಚಿತು. ಅದಕ್ಕೂ ಮೊದಲೇ ಯಾರೋ ಪ್ರತಿ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದ್ದರಿಂದ ಎಷ್ಟೋ ಪುಸ್ತಕಗಳು ಉಳಿದುಕೊಂಡವು.

ಡ್ಯೂಯಿ ವರ್ಗೀಕರಣದ ಬಗ್ಗೆ ಒಂದು ಮಾತು, ಹೇಳದಿದ್ದರೆ ಹೊಟ್ಟೆ ಉರಿ ಆರಲ್ಲ. 1876ರ ಅಮೆರಿಕದ ಪದ್ಧತಿ ಅದು. ಇಂಗ್ಲಿಷ್ ಸಾಹಿತ್ಯಕ್ಕೆ 820, ಅಮೆರಿಕದ್ದಕ್ಕೆ 810, ಪೂರ್ತಿ ಪೂರ್ತಿ ಮನೆಗಳು. ಕನ್ನಡ ಸಾಹಿತ್ಯಕ್ಕೆ 894.814. ಕಾದಂಬರಿಯಾದರೆ 894.8143. ಬೆನ್ನಿನ ಚೀಟಿಯಲ್ಲಿ ಹಿಡಿಸುವುದೇ ಇಲ್ಲ, ಸಣ್ಣ ಪುಸ್ತಕವಾದರೆ ಎರಡು ಸಾಲಿಗೆ ಮಡಚಬೇಕು. ಇದಕ್ಕೆ ಬದಲಿ ನಮ್ಮಲ್ಲೇ ಇತ್ತು. ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಕೊಟ್ಟರು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲಿದ್ದು 1962ರಲ್ಲಿ ಡಿಆರ್‌ಟಿಸಿ ಅನ್ನುವ ಸಂಶೋಧನೆ, ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹುಟ್ಟುಹಬ್ಬದ ನೆಪದಲ್ಲಿ ಪ್ರತಿ ಆಗಸ್ಟ್ 12ಕ್ಕೆ ಫೋಟೋಗೆ ಹಾರ ಹಾಕುತ್ತೇವೆ. ಹಾರ ಹಾಕಿ ಬಂದು ಡ್ಯೂಯಿ ನಂಬರ್ ಬರೆಯುತ್ತೇವೆ.

1931ರಲ್ಲಿ ಅವರು ಹೇಳಿದ ಐದು ಸೂತ್ರಗಳನ್ನು ಬಾಯಿಪಾಠ ಮಾಡದೆ ನಮ್ಮ ಕೋರ್ಸಿನಲ್ಲಿ ಯಾರೂ ಪಾಸಾಗುವುದಿಲ್ಲ. ಪುಸ್ತಕ ಇರುವುದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸು, ಲೈಬ್ರರಿ ಬೆಳೆಯುವ ಜೀವಿ. ಬಾಯಿಪಾಠ ಮಾಡುವಾಗ ಮೂರನೆಯದು ಸುಮ್ನೆ ಪ್ರಾಸಕ್ಕೆ ಸೇರಿಸಿದ್ದು ಅನ್ನಿಸುತ್ತಿತ್ತು. ಈಗ ಅದೇ ಜಾಸ್ತಿ ಕಾಡುತ್ತದೆ. ಓದುಗ ಹುಡುಕಿಕೊಂಡು ಬಂದರೆ ಪುಸ್ತಕ ಕೊಡುವುದು ಸುಲಭ. ಪುಸ್ತಕ ತನ್ನ ಓದುಗನನ್ನು ಹುಡುಕಬೇಕಾದರೆ ಯಾರಾದರೂ ಅದರ ಹೆಸರನ್ನು ಸರಿಯಾಗಿ ಬರೆದಿಟ್ಟಿರಬೇಕು.

ಮೈಸೂರಿನ ಆರ್. ಶಾಮಶಾಸ್ತ್ರಿಗಳ ಕಥೆ ಎಲ್ಲರಿಗೂ ಗೊತ್ತು. ಕೌಟಿಲ್ಯನ ಅರ್ಥಶಾಸ್ತ್ರವನ್ನು ತಾಳೆಗರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು. ಅವರು ಅಲ್ಲಿನ ಓರಿಯಂಟಲ್ ಲೈಬ್ರರಿಯ ಲೈಬ್ರರಿಯನ್ ಆಗಿದ್ದರು ಅನ್ನುವುದನ್ನು ಮಾತ್ರ ಜನ ಮರೆಯುತ್ತಾರೆ. ತಂಜಾವೂರು ಕಡೆಯಿಂದ ಒಬ್ಬರು ತಂದುಕೊಟ್ಟ ಕಟ್ಟು ಅದು. ಬಂದದ್ದನ್ನು ಬಿಚ್ಚಿ, ಓದಿ, ಇದು ಏನು ಅಂತ ಗುರುತಿಸಿದರು. ಕ್ಯಾಟಲಾಗಿಂಗ್ ಅಂದರೆ ಮೂಲದಲ್ಲಿ ಅದೇ ಕೆಲಸ. ಪುಸ್ತಕಕ್ಕೆ ಇಷ್ಟು ರೂಪಾಯಿ ಅಂತ ಗುತ್ತಿಗೆ ಕೊಟ್ಟಿದ್ದರೆ "ತಾಳೆಗರಿ, ಸಂಸ್ಕೃತ, ಒಂದು ಕಟ್ಟು" ಎಂದು ನಮೂದಾಗುತ್ತಿತ್ತು.

ಇನ್ನು ಜರ್ನಲ್‌ಗಳ, ಅಂದರೆ ಸಂಶೋಧನಾ ಪತ್ರಿಕೆಗಳ ವಿಷಯ. ಮೊದಲು ಪ್ರತಿ ವರ್ಷ ಡಿಸೆಂಬರಿನಲ್ಲಿ ಜಗಳ. ಇದ್ದ ಬಜೆಟ್ಟಿನಲ್ಲಿ ಕೆಮಿಸ್ಟ್ರಿಯವರ ಜರ್ನಲ್ ತರಿಸಬೇಕೋ ಇತಿಹಾಸದವರದ್ದೋ? ಕೆಮಿಸ್ಟ್ರಿಯ ಒಂದು ಜರ್ನಲಿನ ಬೆಲೆಯಲ್ಲಿ ಇತಿಹಾಸದ ಒಂದು ಕಪಾಟೇ ಬರುತ್ತಿತ್ತು. ಮೇಷ್ಟ್ರುಗಳೆಲ್ಲ ಬಂದು ನನ್ನ ಟೇಬಲ್ ಮುಂದೆ ಕೂಗಾಡುತ್ತಿದ್ದರು. ಕಿರಿಕಿರಿಯೇ, ಆದರೆ ಅದು ನಮ್ಮ ಕಿರಿಕಿರಿ. ಯಾರು ಏನು ಓದುತ್ತಾರೆ ಅನ್ನುವುದು ಆ ಜಗಳದಲ್ಲೇ ಗೊತ್ತಾಗುತ್ತಿತ್ತು.

2004ರಿಂದ ಯುಜಿಸಿ-ಇನ್ಫೋನೆಟ್ ಒಕ್ಕೂಟ ಬಂತು, ವಿಶ್ವವಿದ್ಯಾಲಯಗಳಿಗೆ ಇ-ಜರ್ನಲ್ ಕೊಟ್ಟಿತು. 2010ರಲ್ಲಿ ಕಾಲೇಜುಗಳಿಗೆ ಅಂಥದ್ದೇ ಎನ್-ಲಿಸ್ಟ್ ಯೋಜನೆ ಬಂತು. ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ ಕಟ್ಟಿದರೆ ಆರು ಸಾವಿರ ಜರ್ನಲ್. ಸಣ್ಣ ಊರಿನ ಕಾಲೇಜಿಗೆ ಇದು ದೊಡ್ಡ ಮಾತು. 2015ರಲ್ಲಿ ಇವನ್ನೆಲ್ಲ ಒಟ್ಟು ಸೇರಿಸಿದ ಇ-ಶೋಧಸಿಂಧು. ಈಗ 'ಒಂದು ದೇಶ ಒಂದು ಚಂದಾ'. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿತು, 2025ರ ಜನವರಿಯಿಂದ ಜಾರಿಗೆ ಬಂತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಅಂತರರಾಷ್ಟ್ರೀಯ ಪ್ರಕಾಶಕರು, 13,000ದಷ್ಟು ಜರ್ನಲ್, 6,300 ಸರ್ಕಾರಿ ಸಂಸ್ಥೆಗಳು. ಮೊದಲು ಹೆಸರು ಮಾತ್ರ ಕೇಳಿದ್ದ ಜರ್ನಲನ್ನು ನಮ್ಮ ಹುಡುಗರು ಈಗ ಹಾಸ್ಟೆಲ್ಲಿನಲ್ಲಿ ಕೂತು ಓದುತ್ತಾರೆ. ಇದನ್ನು ಸಣ್ಣದು ಮಾಡಿ ಹೇಳಿದರೆ ಕೃತಘ್ನಳಾದೇನು.

ಆದರೂ ಎರಡು ಮಾತು. ಪಕ್ಕದ ರಸ್ತೆಯ ಖಾಸಗಿ ಕಾಲೇಜಿನ ಹುಡುಗನಿಗೆ ಸದ್ಯಕ್ಕೆ ಇದು ಇಲ್ಲ. ಅವನು ನನ್ನ ಹತ್ತಿರ ಬಂದು "ಮೇಡಂ, ಈ ಒಂದು ಪೇಪರ್ ತೆಗೆದುಕೊಡ್ತೀರಾ" ಅಂತಾನೆ. ಎರಡನೆಯದು, ಈ 13,000ದಲ್ಲಿ ಕನ್ನಡ ಎಂಎ ಹುಡುಗಿಗೆ ಬೇಕಾದ್ದು ಬಹಳ ಕಡಿಮೆ. ಅವಳಿಗೆ ಬೇಕಿರುವುದು 'ಪ್ರಬುದ್ಧ ಕರ್ನಾಟಕ'ದ ಹಳೆಯ ಸಂಚಿಕೆ, 'ಪರಿಷತ್ ಪತ್ರಿಕೆ'ಯ ಒಂದು ಲೇಖನ. ಅವು ಬೈಂಡ್ ಆಗಿ ನಮ್ಮ ಸ್ಟ್ಯಾಕಿನ ಕೊನೆಯಲ್ಲಿ ಇವೆ. ಯಾವ ಸಂಚಿಕೆಯಲ್ಲಿ ಯಾವ ಲೇಖನ ಅನ್ನುವ ಸೂಚಿ ಕಂಪ್ಯೂಟರಿನಲ್ಲಿಲ್ಲ. ಚಂದಾ ನಿರ್ಧಾರವೆಲ್ಲ ಗಾಂಧಿನಗರ, ದೆಹಲಿಯಲ್ಲಿ ಆಗುವುದರಿಂದ ನನಗೆ ಕೈ ಬಿಡುವಾಗಿದೆ, ಆ ಸೂಚಿ ಮಾಡಬಹುದಿತ್ತು ಅಂತ ನೀವು ಹೇಳಬಹುದು. ಕೈ ಎಲ್ಲಿ ಬಿಡುವಾಗಿದೆ ನೋಡೋಣ ಬನ್ನಿ.

ಬೆಳಿಗ್ಗೆ ಬಂದ ಕೂಡಲೇ ಪಾಸ್‌ವರ್ಡ್ ಮರೆತವರ ಸಾಲು. ಮನೆಯಿಂದ ಲಾಗಿನ್ ಆಗುತ್ತಿಲ್ಲ ಎನ್ನುವವರ ವಾಟ್ಸಾಪ್. ಇದು 2020ರ ಲಾಕ್‌ಡೌನಿನಲ್ಲಿ ಅಂಟಿದ ಅಭ್ಯಾಸ, ಈಗಲೂ ರಾತ್ರಿ ಹನ್ನೊಂದಕ್ಕೆ "ಮೇಡಂ ಅರ್ಜೆಂಟ್" ಬರುತ್ತದೆ. ಆಮೇಲೆ ನ್ಯಾಕ್. ಅದರ ಪಟ್ಟಿಯಲ್ಲಿ ಲೈಬ್ರರಿಯೂ ಇದೆ. ದಿನಕ್ಕೆ ಎಷ್ಟು ಜನ ಬಂದರು, ಎಷ್ಟು ಜನ ಲಾಗಿನ್ ಆದರು, ಎಷ್ಟು ಖರ್ಚಾಯಿತು, ಎಲ್ಲದಕ್ಕೂ ದಾಖಲೆ ಬೇಕು. ಕಾರ್ಯಕ್ರಮ ಮಾಡಿದರೆ ಜಿಯೋ-ಟ್ಯಾಗ್ ಫೋಟೋ ಬೇಕು. ಎಕ್ಸೆಲ್ ಬರುತ್ತದೆ ಅನ್ನುವ ಒಂದೇ ತಪ್ಪಿಗೆ ಲೈಬ್ರರಿಯನ್ನರು ನ್ಯಾಕ್, ಸಂಸ್ಥೆಗಳಿಗೆ ರ‍್ಯಾಂಕ್ ಕೊಡುವ ಎನ್‌ಐಆರ್‌ಎಫ್, ಎರಡಕ್ಕೂ ಇಡೀ ಸಂಸ್ಥೆಯ ಗುಮಾಸ್ತರಾಗಿದ್ದಾರೆ. ಗ್ರಂಥಾಲಯ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಬೇರೆ ವಿಭಾಗದ ಮೇಷ್ಟ್ರುಗಳ ಫೋಟೋಗೆ ಕ್ಯಾಪ್ಶನ್ ಬರೆಯುತ್ತಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಥೀಸಿಸ್‌ಗಳು. ಯುಜಿಸಿ 2009ರಲ್ಲಿ ಪಿಎಚ್‌ಡಿ ಪ್ರಬಂಧಗಳನ್ನು ಡಿಜಿಟಲ್ ರೂಪದಲ್ಲಿ ಕೊಡಬೇಕೆಂದು ನಿಯಮ ಮಾಡಿತು. ಅವೆಲ್ಲ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಜಾಲತಾಣದಲ್ಲಿ ಸೇರುತ್ತವೆ, ಈಗ ಅಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರಬಂಧಗಳಿವೆ. 2018ರಲ್ಲಿ ಕೃತಿಚೌರ್ಯದ ನಿಯಮ ಬಂತು. 10 ಶೇಕಡಾ ತನಕ ಹೋಲಿಕೆ ಇದ್ದರೆ ತೊಂದರೆ ಇಲ್ಲ. 40 ದಾಟಿದರೆ ಒಂದು ವರ್ಷ ಮತ್ತೆ ಸಲ್ಲಿಸುವ ಹಾಗಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಸಾಫ್ಟ್‌ವೇರಿಗೆ ಹಾಕಿ ವರದಿ ತೆಗೆದು ಸಹಿ ಮಾಡುವುದು ಲೈಬ್ರರಿಯವರು. ಅಲ್ಲಿಯವರೆಗೆ ನಮ್ಮನ್ನು ಕಂಡರೆ ನಗುತ್ತಿದ್ದ ಸಂಶೋಧಕರು ಈಗ ಪೊಲೀಸ್ ಸ್ಟೇಷನ್ನಿಗೆ ಬಂದವರ ಹಾಗೆ ಬಾಗಿಲಲ್ಲಿ ನಿಲ್ಲುತ್ತಾರೆ. "ಮೇಡಂ, ಹನ್ನೆರಡು ಬಂದಿದೆ, ಸ್ವಲ್ಪ ನೋಡಿ." ನಾನೇನು ನೋಡಲಿ?

ಇಲ್ಲೂ ಕನ್ನಡದ ಕಥೆ ಬೇರೆಯೇ. ತುಂಬಾ ಕನ್ನಡ ಪ್ರಬಂಧಗಳು ಇವತ್ತಿಗೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗುತ್ತವೆ. ಪರದೆ ಮೇಲೆ ಕನ್ನಡ ಕಾಣುತ್ತದೆ. ಒಳಗೆ ಕಂಪ್ಯೂಟರ್ ಉಳಿಸಿಕೊಂಡಿರುವುದು ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು, ಅಂಥ ಏನೇನೋ. ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಅದನ್ನು ಅಂತರ್ಜಾಲದ ಯುನಿಕೋಡ್ ಕನ್ನಡಕ್ಕೆ ಹೋಲಿಸಿದರೆ ಏನು ಸಿಗಬೇಕು? ಪುಟಗಟ್ಟಲೆ ಎತ್ತಿ ಬರೆದಿದ್ದರೂ ಹೋಲಿಕೆ ಸೊನ್ನೆ. ಕದ್ದವರು ಪಾರಾಗುತ್ತಾರೆ, ಅದಿರಲಿ. ನಿಜವಾಗಿ ಕಷ್ಟಪಟ್ಟು ಬರೆದವರ ಗತಿ ನೋಡಿ. ಅದೇ ಫಾಂಟಿನ ಪಿಡಿಎಫ್ ಶೋಧಗಂಗಾಕ್ಕೆ ಹೋಗುತ್ತದೆ. ಅದರೊಳಗೆ ಒಂದು ಕನ್ನಡ ಪದವನ್ನೂ ಹುಡುಕಲಾಗುವುದಿಲ್ಲ. ನಾಲ್ಕೈದು ವರ್ಷ ಹಳ್ಳಿ ಹಳ್ಳಿ ಸುತ್ತಿ ಹಾಡು ಸಂಗ್ರಹಿಸಿದವರ ಪ್ರಬಂಧ ಯಾವ ಹುಡುಕಾಟಕ್ಕೂ ಸಿಗದೆ ಚಿತ್ರದ ಹಾಗೆ ಬಿದ್ದಿರುತ್ತದೆ. ನಾನು ಸಂಶೋಧಕರಿಗೆ ಮೊದಲ ದಿನವೇ ಹೇಳುತ್ತೇನೆ, ಯುನಿಕೋಡಿನಲ್ಲಿ ಬರೆಯಿರಿ ಅಂತ. "ಡಿಟಿಪಿ ಅಂಗಡಿಯವರು ಆಗಲ್ಲ ಅಂತಾರೆ ಮೇಡಂ" ಅನ್ನುತ್ತಾರೆ.

ಎಐ ವಿಷಯ ಬಿಟ್ಟರೆ ಹೇಗೆ? ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಗೆ ಬಂತು. ಸ್ವಲ್ಪ ದಿನದಲ್ಲೇ ವಿಚಿತ್ರ ಪಟ್ಟಿಗಳು ಟೇಬಲ್ಲಿಗೆ ಬರಲು ಶುರುವಾದವು. ಲೇಖಕರ ಹೆಸರು ನಿಜ, ಜರ್ನಲ್ ನಿಜ, ವರ್ಷ, ಸಂಪುಟ ಎಲ್ಲವೂ ಹೊಂದುತ್ತವೆ. ಆ ಪುಟ ತೆಗೆದರೆ ಅಲ್ಲಿ ಬೇರೆಯೇ ಲೇಖನ. ಕೇಳಿದ ಲೇಖನ ಜಗತ್ತಿನಲ್ಲೇ ಇಲ್ಲ. ಇದೆ ಎಂದು ತೋರಿಸಲು ಒಂದು ನಿಮಿಷ ಸಾಕು, ಇಲ್ಲ ಎಂದು ಖಚಿತ ಮಾಡಿಕೊಳ್ಳಲು ಒಂದು ಗಂಟೆ ಬೇಕು. ಆ ಗಂಟೆ ಯಾವ ವರದಿಯಲ್ಲೂ ಬರುವುದಿಲ್ಲ. ಹಾಗಂತ ನಾನು ಅದರ ವಿರೋಧಿಯಲ್ಲ. ಇಂಗ್ಲಿಷ್ ಲೇಖನ ಅರ್ಥವಾಗದ ಹಳ್ಳಿ ಹುಡುಗಿ ಅದನ್ನು ಕನ್ನಡದಲ್ಲಿ ಕೇಳಿ ತಿಳಿದುಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ಅವಳಿಗೆ ಅಷ್ಟು ತಾಳ್ಮೆಯಿಂದ ಹೇಳಿಕೊಡುವ ಮೇಷ್ಟ್ರು ಸಿಗುತ್ತಿದ್ದರೋ ಇಲ್ಲವೋ. ಆದರೆ ಕನ್ನಡ ಸಾಹಿತ್ಯದ ಬಗ್ಗೆ ಕೇಳಿದಾಗ ಅದು ಹೇಳುವ ಪುಸ್ತಕಗಳನ್ನು ಕೇಳಿದರೆ ನಗು ಬರುತ್ತದೆ. ನಮ್ಮ ಪುಸ್ತಕಗಳ ವಿವರ ಎಲ್ಲೂ ಸರಿಯಾಗಿ ಇಲ್ಲದಿದ್ದಾಗ ಅದಾದರೂ ಏನು ಮಾಡೀತು?

ರೀಡಿಂಗ್ ಹಾಲ್ ಮಾತ್ರ ತುಂಬಿ ತುಳುಕುತ್ತಿದೆ. ಕೆಎಎಸ್, ಪಿಡಿಒ, ಎಫ್‌ಡಿಎ ಅಂತ ಪರೀಕ್ಷೆಗೆ ಓದುವವರು ಬಾಗಿಲು ತೆಗೆಯುವ ಮೊದಲೇ ಬಂದು ನಿಂತಿರುತ್ತಾರೆ. ಪುಸ್ತಕ ಅವರದೇ. ಅವರಿಗೆ ನಮ್ಮಿಂದ ಬೇಕಾದ್ದು ಕುರ್ಚಿ, ಪ್ಲಗ್ ಪಾಯಿಂಟ್, ಕುಡಿಯುವ ನೀರು. ಇವರನ್ನು ಕಂಡರೆ ಮೂಗು ಮುರಿಯುವ ಸಹೋದ್ಯೋಗಿಗಳಿದ್ದಾರೆ. ನಾನಂತೂ ಮುರಿಯುವುದಿಲ್ಲ. ಮನೆಯಲ್ಲಿ ಓದಲು ಜಾಗವಿಲ್ಲದವರಿಗೆ ಜಾಗ ಕೊಡುವುದೂ ಲೈಬ್ರರಿಯ ಕೆಲಸವೇ.

ಅಟೆಂಡರ್ ಹುದ್ದೆಗಳು ಖಾಲಿಯಾದವು ಖಾಲಿಯೇ ಉಳಿದವು. ಹೊರಗುತ್ತಿಗೆಯವರು ಬರುತ್ತಾರೆ, ಕೆಲಸ ಕಲಿಯುವಷ್ಟರಲ್ಲಿ ಬದಲಾಗುತ್ತಾರೆ. ಹಳಬರಿಗೆ ಹುಡುಗರ ಕಳ್ಳಾಟವೆಲ್ಲ ಗೊತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ ಅಕೌಂಟೆನ್ಸಿ ಪುಸ್ತಕ ಕಾಣೆಯಾದರೆ ಅವರು ನೇರ ತತ್ವಶಾಸ್ತ್ರದ ರ‍್ಯಾಕಿನ ಹಿಂದೆ ಕೈ ಹಾಕುತ್ತಿದ್ದರು. ಯಾರೂ ಹೋಗದ ಜಾಗವಲ್ಲವೇ, ಬಚ್ಚಿಡಲು ಅನುಕೂಲ. ಕಂಪ್ಯೂಟರ್ ಈಗಲೂ "ಪುಸ್ತಕ ಲಭ್ಯ" ಎಂದೇ ತೋರಿಸುತ್ತದೆ.

ಕನ್ನಡ ದಾಖಲೆಗಳನ್ನು ತಿದ್ದುವ ಕೆಲಸ ನಾವು ಸಣ್ಣದಾಗಿ ಶುರುಮಾಡಿದ್ದೇವೆ. ಕನ್ನಡ ವಿಭಾಗದ ಇಬ್ಬರು ವಿದ್ಯಾರ್ಥಿಗಳು, ನಾನು, ಸಂಜೆ ಒಂದು ಗಂಟೆ. ಪುಸ್ತಕ ಕೈಗೆ ತಗೊಳ್ಳುವುದು, ಕನ್ನಡದಲ್ಲಿ ಹೆಸರು ತುಂಬುವುದು, ಲೇಖಕರ ಹೆಸರು ಒಂದೇ ರೂಪಕ್ಕೆ ತರುವುದು, ಕಾವ್ಯನಾಮವನ್ನು ಅದಕ್ಕೆ ಕಟ್ಟುವುದು. ವಾದವೂ ನಡೆಯುತ್ತದೆ. ತ್ರಿವೇಣಿ ಅಂತಲೇ ಇಡಬೇಕೋ, ಅನಸೂಯ ಶಂಕರ ಅಂತ ಇಡಬೇಕೋ? ಓದುಗರು ಯಾವ ಹೆಸರಿನಲ್ಲಿ ಹುಡುಕುತ್ತಾರೋ ಅದೇ ಇರಲಿ ಅಂತ ನಾನು. "ನಿಯಮ ಪುಸ್ತಕದಲ್ಲೂ ಹಾಗೇ ಇದೆಯಾ ಮೇಡಂ?" ಅಂತ ಒಬ್ಬ ಕೇಳಿದ. ಈಗಿನ ನಿಯಮವೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ. ಕನ್ನಡ ಓದಬಲ್ಲ ಒಬ್ಬ ಖಾಯಂ ಕ್ಯಾಟಲಾಗರ್ ಬೇಕು ಅಂತ ಬಜೆಟ್ಟಿನಲ್ಲಿ ಪ್ರತಿ ವರ್ಷ ಕೇಳುತ್ತೇನೆ. ಈ ಸಲ ಮಂಜೂರಾದದ್ದು ಬಾಗಿಲಲ್ಲಿ ಹಾಕುವ ಡಿಜಿಟಲ್ ಬೋರ್ಡು.

ಅಲ್ಲಿಯತನಕ, ಲೈಬ್ರರಿಗೆ ಹೋಗುವ ಓದುಗರಿಗೆ ಕೆಲವು ಉಪಾಯ. ಓಪ್ಯಾಕ್‌ನಲ್ಲಿ ಕನ್ನಡ ಪುಸ್ತಕ ಸಿಗದಿದ್ದರೆ ಇಲ್ಲ ಅಂತ ತೀರ್ಮಾನ ಮಾಡಬೇಡಿ. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಕಾಗುಣಿತದಲ್ಲಿ ಹುಡುಕಿ. ಪೂರ್ತಿ ಹೆಸರಿನ ಬದಲು ತಪ್ಪಾಗಲು ಸಾಧ್ಯವಿಲ್ಲದ ಒಂದು ಚಿಕ್ಕ ಪದ ಹಾಕಿ. ಕಾವ್ಯನಾಮ, ನಿಜನಾಮ ಎರಡನ್ನೂ ನೋಡಿ. ಅದೂ ಆಗದಿದ್ದರೆ ಸೀದಾ 894.814 ಇರುವ ರ‍್ಯಾಕಿಗೆ ಹೋಗಿ ಕಣ್ಣಾಡಿಸಿ, ಪಕ್ಕದಲ್ಲಿ ಬೇರೆ ಯಾವುದೋ ಒಳ್ಳೆ ಪುಸ್ತಕ ಸಿಕ್ಕರೂ ಸಿಗಬಹುದು. ಹಳೆಯ ಪುಸ್ತಕವಾದರೆ ಅಕ್ಸೆಷನ್ ರಿಜಿಸ್ಟರ್ ತೋರಿಸಿ ಅಂತ ಧೈರ್ಯವಾಗಿ ಕೇಳಿ. ಅದು ಕೈಬರಹದಲ್ಲಿದೆ, ಕನ್ನಡದಲ್ಲೇ ಇದೆ. ಪುಸ್ತಕ ಸಿಕ್ಕಿ, ಕಂಪ್ಯೂಟರಿನಲ್ಲಿ ಅದರ ಹೆಸರು ತಪ್ಪಿದೆ ಅಂತ ಗೊತ್ತಾದರೆ ಅಕ್ಸೆಷನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೌಂಟರಿನಲ್ಲಿ ಕೊಟ್ಟು ಹೋಗಿ. ತಿದ್ದುವುದು ಎರಡು ನಿಮಿಷದ ಕೆಲಸ, ಯಾವುದನ್ನು ತಿದ್ದಬೇಕು ಅಂತ ಹುಡುಕುವುದೇ ನಮಗೆ ಕಷ್ಟ.